ಇಪ್ಪತ್ತನೆಯ ತಲೆ

ಕೃತಿಕಾಗೆ ಮನುಷ್ಯರು ಬೇಡ, ಅವರ ತಲೆ ಸಿಕ್ಕರೆ ಸಾಕು. ಸಂಸೆಯ ಸಾವಿತ್ರಮ್ಮ ತಂಗಿಯ ಮಗಳ ಬಗ್ಗೆ ಈ ತೀರ್ಮಾನಕ್ಕೆ ಬಂದು ಎರಡು ವಾರವಾಗಿತ್ತು.

ನರವಿಜ್ಞಾನದಲ್ಲಿ ಪಿಎಚ್‌ಡಿ ಎಂದು ಬೆಂಗಳೂರಿನಲ್ಲಿ ಆರು ವರ್ಷ ಕಳೆದವಳು ಅವಳು. ದೊಡ್ಡಪ್ಪನ ತಿಥಿಗೆ ಸಿಗದ ಬಿಡುವು ಕಾಫಿ ಕೊಯ್ಲಿಗೆ ಸರಿಯಾಗಿ ಸಿಕ್ಕಿತ್ತು. ದೊಡ್ಡಮ್ಮನ ಮನೆಗೆ ತೋಟದ ಹೆಂಗಸರನ್ನು ಕರೆಸಿ, ತಲೆಗೆ ವೈರುಗಳ ಟೊಪ್ಪಿ ಹಾಕಿ, ಕಣ್ಣಿಗೆ ಬಟ್ಟೆ ಕಟ್ಟುತ್ತಿದ್ದಳು. ಹಣ್ಣು ಯಾವುದು ಕಾಯಿ ಯಾವುದು ಎಂದು ಅವರು ಬೆರಳಿನಲ್ಲೇ ಗುರುತಿಸುವಾಗ ಮಿದುಳಿನಲ್ಲಿ ಏಳುವ ಅಲೆಗಳು ಲ್ಯಾಪ್‌ಟಾಪಿನಲ್ಲಿ ಓಡುತ್ತಿದ್ದವು. ಕೊಯ್ಲಿನವರಲ್ಲಿ ಹಿರಿಯಳಾದ ಅಂಜನಮ್ಮನ ಬೆರಳಿಗೆ ನಲವತ್ತು ವರ್ಷದಿಂದ ಗೊತ್ತಿರುವ ಸಂಗತಿಯನ್ನು ಪತ್ತೆಹಚ್ಚಿದರೆ ಇವಳು ಡಾಕ್ಟರಾಗುತ್ತಾಳಂತೆ.

ಕೂದಲಿಗೆ ಎಣ್ಣೆ ತಗುಲಿದರೆ ಟೊಪ್ಪಿ ಕೆಲಸ ಮಾಡದು. ಹಾಗಾಗಿ ಹತ್ತೊಂಬತ್ತು ಹೆಂಗಸರು ಅವಳ ಮಾತಿನಂತೆ, ಸೂತಕದ ಮನೆಯವರ ಹಾಗೆ ಒಣಗೂದಲು ಹರಡಿಕೊಂಡು ಬಂದು ಕೂತಿದ್ದರು. ಕೆಲಸ ಮುಗಿದ ಮೇಲೆ ವೈರು ಹಿಡಿಯಲೆಂದು ನೆತ್ತಿಗೆ ಮೆತ್ತಿದ ಜೆಲ್ ಒರೆಸಿಕೊಳ್ಳಲು ಒಂದು ತುಂಡು ಕಾಗದ, ಹಿಂದೆಯೇ “ನೆಕ್ಸ್ಟ್.” ಅವಳ ಪುಸ್ತಕದಲ್ಲಿ ಹೆಸರುಗಳೂ ಇರಲಿಲ್ಲ, ನಂಬರುಗಳಿದ್ದವು.

ಇಪ್ಪತ್ತು ಜನ ಆಗದಿದ್ದರೆ ಗೈಡು ಪ್ರಬಂಧ ಮುಟ್ಟುವುದಿಲ್ಲ, ಇನ್ನೊಂದು ವರ್ಷ ಹೋಯಿತು. ಟೊಪ್ಪಿಯನ್ನು ಮರುದಿನ ಬೆಂಗಳೂರಿನ ಲ್ಯಾಬಿಗೆ ಒಪ್ಪಿಸಬೇಕು, ಅದಕ್ಕೆ ಇವತ್ತು ಮಧ್ಯಾಹ್ನ ಒಂದು ಗಂಟೆಗೆ ಕಳಸದ ಜೀಪು ಹಿಡಿಯಬೇಕು. ಆ ಕೊನೆಯ ಬೆಳಿಗ್ಗೆ ಇಪ್ಪತ್ತನೆಯವಳಾಗಿ ಬಂದ ಅಂಜನಮ್ಮನ ತಲೆ ಎಣ್ಣೆಯಲ್ಲಿ ಮಿರಮಿರ ಮಿಂಚುತ್ತಿತ್ತು. ಬಿಗಿಯಾದ ಜಡೆ, ಅದಕ್ಕೊಂದು ಸೇವಂತಿಗೆ.

“ಎಣ್ಣೆ ಹಾಕ್ಬೇಡಿ ಅಂದಿದ್ದೆನಲ್ಲ ಅಂಜನಮ್ಮ?”

“ಕಳಸದಲ್ಲಿ ಮೊಮ್ಮಗಳನ್ನ ನೋಡ್ಲಿಕ್ಕೆ ಮಧ್ಯಾಹ್ನ ಗಂಡಿನ ಕಡೆಯೋರು ಬರ್ತಾರೆ ಕೃತಿಕಮ್ಮ. ಅಂಥ ದಿನ ಒಣಗೂದ್ಲಲ್ಲಿ ಹೊರಡ್ಲಿಕ್ಕೆ ಆಗ್ತದಾ? ಸ್ವಲ್ಪೇ ಹಾಕಿದ್ದು.”

ಸಾವಿತ್ರಮ್ಮನಿಗೆ ನಗು ಬಂತು. “ತಲೆ ಒಳಗಿಂದು ಆರು ವರ್ಷ ಓದಿದ್ದಾಯ್ತು. ಹೊರಗಿಂದು ಯಾವಾಗ ಓದ್ತೀಯ ಮಾರಾಯ್ತಿ?”

ಕೃತಿಕಾ ಶಾಂಪೂ ಕೊಟ್ಟು ಅಂಜನಮ್ಮನನ್ನು ಬಚ್ಚಲಿಗೆ ಕಳಿಸಿದಳು, ಕೂದಲು ಒಣಗಿಸಿದಳು, ಟೊಪ್ಪಿ ಹಾಕಿದಳು. ಬಲಗೈಯ ಪರೀಕ್ಷೆ ಮುಗಿಯುವಾಗ ಹನ್ನೆರಡೂವರೆ. ಎಡಗೈಗೆ ಇನ್ನು ಅರ್ಧ ಗಂಟೆ. ಒಂದೇ ಕೈಯ ಲೆಕ್ಕ ಗೈಡಿಗೆ ಲೆಕ್ಕವಲ್ಲ.

ಕಣ್ಣಿಗೆ ಬಟ್ಟೆ ಕಟ್ಟಿಕೊಂಡೇ ಅಂಜನಮ್ಮ ಕಿವಿಯ ಮೇಲಿನ ಕೂದಲು ಮುಟ್ಟಿ ನೋಡಿದಳು. ಹಣ್ಣು ಹಿಚುಕಿ ನೋಡುವ ಹಾಗೆ ಜೆಲ್ಲನ್ನು ಎರಡು ಬೆರಳಲ್ಲಿ ಉಜ್ಜಿದಳು.

“ಇದು ಒರೆಸಿದ್ರೆ ಹೋಗ್ತದಾ?”

“ಇಲ್ಲ. ತೊಳೀಬೇಕು.”

“ನಾನೂ ಒಂದು ಗಂಟೆ ಜೀಪಿಗೇ ಹೋಗ್ಬೇಕಿತ್ತು.” ಅಷ್ಟು ಹೇಳಿ ಅವಳು ಎಡಗೈ ಮುಂದೆ ಚಾಚಿದಳು.

ಸಾವಿತ್ರಮ್ಮ ಕಾದಳು. ಎಡಗೈಯನ್ನೂ ಮುಗಿಸಿ, ಎಂದಿನಂತೆ ಒಂದು ತುಂಡು ಕಾಗದ ಕೊಟ್ಟು ಕಳಿಸುತ್ತಾಳೆ ಎಂದುಕೊಂಡಳು.

ಕೃತಿಕಾ ಗಡಿಯಾರ ನೋಡಿದಳು. ಲ್ಯಾಪ್‌ಟಾಪು ಮುಚ್ಚಿದಳು. ಟೊಪ್ಪಿ ಬಿಚ್ಚುತ್ತಾ, “ದೊಡ್ಡಮ್ಮ, ಹಂಡೇಲಿ ನೀರು ಬಿಸಿ ಇದ್ಯಾ? ಎಣ್ಣೆ ಬಟ್ಟಲೂ ಬೇಕು” ಎಂದಳು.

ಬಚ್ಚಲಿನಲ್ಲಿ ನೀರು ಹೊಯ್ದವಳೂ ಅವಳೇ. ಜೀಪು ಗೇಟಿನ ಹತ್ತಿರ ಹಾರ್ನ್ ಹೊಡೆಯುವಾಗ ಅಂಜನಮ್ಮ ಜಗಲಿಯ ಮೆಟ್ಟಿಲ ಮೇಲೆ ಕೂತಿದ್ದಳು, ಹಿಂದೆ ಬಾಚಣಿಗೆ ಹಿಡಿದು ಕೃತಿಕಾ.

“ಸಾಕು ಬಿಡಿ ಕೃತಿಕಮ್ಮ, ಜೀಪು ಹೋಗ್ತದೆ.”

“ಕಾಯ್ಲಿ. ನೀವು ಅಲ್ಲಾಡ್ಬೇಡಿ.”

ಬೈತಲೆ ಸೊಟ್ಟಗಾಗಿತ್ತು. ಅವಳು ಜಡೆ ಬಿಚ್ಚಿ ಮತ್ತೆ ಮೊದಲಿನಿಂದ ಬಾಚತೊಡಗಿದಳು.