ಉಪ್ಪು ತಾಗಿದ ಬಂಗಾರ

ಶೀನಪ್ಪ ನನ್ನ ಒಡಹುಟ್ಟಿದ ಅಣ್ಣ. ಅವನ ಬಗ್ಗೆ ಹೇಳಲು ಒಂದು ಒಳ್ಳೆಯ ಮಾತು ಉಂಟು. ಕೆಂಪುಕಲ್ಲಿನ ಲಾರಿಯನ್ನು ಬೆಳ್ತಂಗಡಿಯಿಂದ ಬಂಟ್ವಾಳಕ್ಕೆ ಇಷ್ಟು ವರ್ಷ ಓಡಿಸಿದರೂ ಒಂದು ಕೋಳಿಯನ್ನೂ ಚಕ್ರದಡಿಗೆ ಹಾಕಿದವನಲ್ಲ. ಆ ಜಾಗ್ರತೆಯೆಲ್ಲ ರಸ್ತೆಯಲ್ಲೇ ಖರ್ಚಾಗಿ ಹೋಗುತ್ತಿತ್ತೋ ಏನೋ, ಮನೆಗೆ ಬಂದರೆ ಕೈ ಮುಂದೆ, ಮಾತು ಹಿಂದೆ. ನಾನು ಹೇಳಹೊರಟದ್ದು ಅವನ ಕತೆಯಲ್ಲ, ಅವನ ಹೆಂಡತಿ ಕಾಂತಿಯದು.

ಕಾಂತಿ ಅತ್ತಿಗೆ ಶಿರ್ತಾಡಿಗೆ ಮದುವೆಯಾಗಿ ಬಂದ ವಾರದಲ್ಲೇ, ಮೀನುಸಾರಿಗೆ ಹುಳಿ ಹೆಚ್ಚಾಯಿತೆಂದು ಅಣ್ಣ ಅವಳ ಬೆನ್ನಿಗೆ ಸೌಟಿನಲ್ಲಿ ಹೊಡೆದ. ನೆರೆಯವರು "ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ" ಅಂದರು. ಆ ಗಾದೆ ಮಾಡಿದವನು ಕೈಗೆ ಸಿಕ್ಕಿದ್ದರೆ ಅದೇ ಸೌಟಿನಲ್ಲಿ ನಾಲ್ಕು ಕೊಡುತ್ತಿದ್ದೆ. ಗಂಡ ತೀರಿಕೊಂಡ ಮೇಲೆ ನಾನು ಅಣ್ಣನ ಪಕ್ಕದಲ್ಲೇ ಮನೆ ಕಟ್ಟಿಕೊಂಡೆ. ನಡುವೆ ಒಂದು ಪಾಗಾರ. ಅತ್ತಿಗೆ ತನ್ನ ಸುಖದುಃಖವನ್ನೆಲ್ಲ ಆ ಗೋಡೆಯ ಮೇಲೆ ಮೊಣಕೈ ಊರಿ ನನಗೆ ಹೇಳುತ್ತಿದ್ದಳು.

ಮಗಳು ಸುರಕ್ಷಾ ಹೈಸ್ಕೂಲು ಮುಗಿಸಿದ ವರ್ಷ ಅತ್ತಿಗೆ ಮಿಜಾರಿನ ಒಂದು ಕಾಲೇಜಿನಲ್ಲಿ ಕೆಲಸಕ್ಕೆ ಸೇರಿದಳು. ಕೆಮಿಸ್ಟ್ರಿ ಲ್ಯಾಬಿನ ಗಾಜಿನ ಪಾತ್ರೆ ತೊಳೆಯುವುದು. ಅಲ್ಲಿ ಫಾಯಿಝಾ ಅಂತ ಸಂಶೋಧನೆ ಮಾಡುವ ಹುಡುಗಿ, ಬಂಟ್ವಾಳದವಳು, ನೀರಿನಲ್ಲಿ ಬಂಗಾರ ಬೆರೆಸಿ ದಾಸವಾಳದ ಶರಬತ್ತಿನಂಥ ಕೆಂಪು ದ್ರವ ಮಾಡುತ್ತಿದ್ದಳು. ಒಂದು ದಿನ ಆ ಕೆಂಪು, ಫ್ಲಾಸ್ಕಿಗೆ ಹೊಯ್ದ ಕೂಡಲೇ ನೀಲಿಯಾಯಿತು. ಮಾರನೆಯ ದಿನವೂ ಹಾಗೆಯೇ. ಮೂರನೆಯ ದಿನ ಫಾಯಿಝಾ ಅಳುವ ಹಾಗಾಗಿ ಕೇಳಿದಳು, "ಕಾಂತಿಯಕ್ಕ, ಇದನ್ನು ಯಾವುದರಲ್ಲಿ ತೊಳೆದದ್ದು ನೀವು?"

"ಬಂಗಾರದ ಪಾತ್ರೆ ಅಲ್ವಾ ಮೇಡಂ, ದೇವರ ದೀಪ ತೊಳೆದ ಹಾಗೆ ಹುಣಸೆಹುಳಿ, ಉಪ್ಪು ಹಾಕಿ ಚೆನ್ನಾಗಿ ಉಜ್ಜಿದ್ದೇನೆ."

ಫಾಯಿಝಾ ತಲೆ ಮೇಲೆ ಕೈ ಹೊತ್ತು ನಕ್ಕಳಂತೆ. ಆಮೇಲೆ ಕಿಟಕಿಯ ಬಳಿ ನಿಲ್ಲಿಸಿ, ಕೆಂಪು ದ್ರವಕ್ಕೆ ಒಂದು ಹರಳು ಉಪ್ಪು ಹಾಕಿ ತೋರಿಸಿದಳು. "ಇದರಲ್ಲಿ ಬಂಗಾರದ ಕಣ್ಣಿಗೆ ಕಾಣದ ಪುಡಿ ಉಂಟು ಅಕ್ಕ. ಬೆಳಕು ಬಿದ್ದರೆ ಪ್ರತಿಯೊಂದು ಕಣದ ಒಳಗಿನ ಇಲೆಕ್ಟ್ರಾನುಗಳು ಉಯ್ಯಾಲೆ ಆಡ್ತವೆ. ಬಿಡಿಬಿಡಿಯಾಗಿ ಇದ್ದರೆ ಹಸಿರು ಬೆಳಕನ್ನು ನುಂಗ್ತವೆ, ನಮ್ಮ ಕಣ್ಣಿಗೆ ಕೆಂಪು ಬಿಡ್ತವೆ. ಉಪ್ಪು ತಾಗಿತೋ, ಒಂದಕ್ಕೊಂದು ಅಂಟಿ ಗುಂಪಾಗ್ತವೆ. ಗುಂಪಿನ ಉಯ್ಯಾಲೆಯೇ ಬೇರೆ. ಆಗ ಕೆಂಪನ್ನೇ ನುಂಗಿ ನೀಲಿ ಬಿಡ್ತವೆ. ಬಂಗಾರ ಅದೇ, ಬಣ್ಣ ಮಾತ್ರ ಬೇರೆ." ಬಸುರಿ ಹೌದೋ ಅಲ್ಲವೋ ನೋಡುವ ಸ್ಟ್ರಿಪ್ಪಿನ ಕೆಂಪು ಗೆರೆಯೂ ಇದೇ ಬಂಗಾರ, ಕಣಗಳು ಅಂಟಿಕೊಳ್ಳದೆ ಬಂದು ಸಾಲಾಗಿ ಕೂತರೆ ಅಲ್ಲಿ ಕೆಂಪು ಕಾಣುತ್ತದೆ ಎಂದೂ ಹೇಳಿದಳು. ಅತ್ತಿಗೆ ಆವತ್ತು ಸಂಜೆ ಇದನ್ನೆಲ್ಲ ಪಾಗಾರದ ಮೇಲಿಂದ ನನಗೆ ಪಾಠ ಮಾಡಿದಳು. ನನ್ನ ಒಲೆಯ ಮೇಲಿದ್ದ ಗಂಜಿ ತಳ ಹಿಡಿಯಿತು.

ಹೋದ ವರ್ಷ ಅವಳಿಗೆ ಮುಟ್ಟು ನಿಂತಿತು. ವಯಸ್ಸು ನಲವತ್ತಮೂರು, ಮಗಳಿಗೆ ಗಂಡು ನೋಡುವ ಸಮಯ, ನಾಚಿಕೆಯಿಂದ ಸಾಯುವಂತಾದಳು. ಮೂಡುಬಿದಿರೆಯ ಮೆಡಿಕಲ್ಲಿನಿಂದ ಸ್ಟ್ರಿಪ್ ತಂದು ಕಾಲೇಜಿನ ಶೌಚಾಲಯದಲ್ಲೇ ಅದರ ಹೊದಿಕೆ ಹರಿದಳು. ಅಷ್ಟರಲ್ಲಿ ಯಾರೋ ಬಾಗಿಲು ಬಡಿದರು, ಹೆದರಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಸಂಜೆಯವರೆಗೆ ಅದು ಅವಳ ಬೆವರಿನಲ್ಲಿ ನೆನೆಯಿತು. ಮಾರನೆಯ ದಿನ ಮನೆಯಲ್ಲಿ ಅದರಲ್ಲೇ ಪರೀಕ್ಷೆ ಮಾಡಿ ನೋಡಿದರೆ ಎರಡು ಗೆರೆ, ಎರಡೂ ಕದಡಿದ ನೀಲಿ. "ಉಪ್ಪು ತಾಗಿ ಹಾಳಾಗಿದೆ ಸೇಸಮ್ಮ, ಇದನ್ನು ನಂಬುವ ಹಾಗಿಲ್ಲ" ಎಂದು ನನಗೆ ಹೇಳಿ, ಅದನ್ನು ಬಚ್ಚಲ ಕಸಕ್ಕೆ ಎಸೆದಳು. ಶನಿವಾರ ಹೊಸದೊಂದು ತಂದು ಚೀಲದಲ್ಲಿ ಇಟ್ಟುಕೊಂಡಳು.

ಆದಿತ್ಯವಾರ ಬೆಳಿಗ್ಗೆ ಬಚ್ಚಲ ಒಲೆಗೆ ಬೆಂಕಿ ಹಾಕಲು ಹೋದ ಶೀನಪ್ಪನಿಗೆ ಆ ನೀಲಿ ಗೆರೆಯ ಸ್ಟ್ರಿಪ್ ಸಿಕ್ಕಿತು. ಎರಡು ಗೆರೆ ಎಂದರೆ ಬಸಿರೆಂದು ಅವನಿಗೆ ಗೊತ್ತಿತ್ತು. ಮಗಳದ್ದೆಂದೇ ತೀರ್ಮಾನಿಸಿದ. ಹೆಂಡತಿಯ ನೆನಪು ಬರಲೇ ಇಲ್ಲ. ಅವಳು ಹೆಂಗಸೆಂದು ಅವನಿಗೆ ನೆನಪಾಗುತ್ತಿದ್ದದ್ದು ದೀಪ ಆರಿಸಿದ ಮೇಲೆ ಮಾತ್ರ.

ಒದ್ದೆ ಬಟ್ಟೆಯನ್ನು ಕಲ್ಲಿಗೆ ಬಡಿದ ಹಾಗೆ ಶಬ್ದ ಕೇಳಿ ನಾನು ಪಾಗಾರ ಹಾರಿದೆ. ಅಂಗಳದಲ್ಲಿ ಅವನು ಸುರಕ್ಷಾಳ ಜಡೆಯನ್ನು ಕೈಗೆ ಸುತ್ತಿಕೊಂಡು ಕಿವಿಯ ಮೇಲೆ ಬಾರಿಸುತ್ತಿದ್ದ. ಕಿವಿಯಿಂದ ರಕ್ತ ಇಳಿದು ಅಂಗಿಯ ತೋಳು ಒದ್ದೆಯಾಗಿತ್ತು.

"ಯಾರು ಅವ? ಹೆಸರು ಹೇಳು!"

"ಯಾರೂ ಇಲ್ಲಪ್ಪ, ದೇವರಾಣೆ ಯಾರೂ ಇಲ್ಲ..."

ರಸ್ತೆಯಲ್ಲಿ ಆಗಲೇ ಎರಡು ಬೈಕು ನಿಂತಿದ್ದವು. ನಮ್ಮ ಕಡೆ ಇಂಥ ಹೊತ್ತಿನಲ್ಲಿ ಒಂದು ಹೆಸರು ಹೊರಗೆ ಬಿದ್ದರೆ ಸಾಕು, ಮಧ್ಯಾಹ್ನದೊಳಗೆ ಆ ಹೆಸರಿನವನನ್ನು ಹುಡುಕಿ ಕಡಿಯಲು ಜನ ತಯಾರಾಗುತ್ತಾರೆ. ಹುಡುಗಿಗೂ ಅದು ಗೊತ್ತಿತ್ತು. ಹೊಡೆತ ತಪ್ಪಿಸಿಕೊಳ್ಳಲು ಬಾಯಿಗೆ ಬಂದ ಯಾವುದಾದರೂ ಹೆಸರು ಹೇಳಿಬಿಡುತ್ತಾಳೋ ಎಂದು ನನ್ನ ಜೀವ ಹಾರಿತು. ಅವಳು ಹಲ್ಲು ಕಚ್ಚಿಕೊಂಡಳು.

ಅತ್ತಿಗೆ ಒಳಗಿನಿಂದ ಓಡಿ ಬಂದಳು. "ಅದು ನನ್ನದು! ಬಿಡಿ ಅವಳನ್ನು, ನನ್ನದು!"

"ಮಗಳ ಕೆಲಸ ಮುಚ್ಚಲಿಕ್ಕೆ ನೋಡ್ತೀಯಾ?" ಎಂದು ಅವನು ಸೌದೆಯ ತುಂಡಿನಿಂದ ಅವಳ ಭುಜಕ್ಕೆ ಹೊಡೆದ. ಎಲುಬು ಮುರಿದ ಸದ್ದು ನನಗೆ ಕೇಳಿಸಿತು. "ಅತ್ತಿಗೆಯದ್ದೇ ಅಣ್ಣ, ನನಗೆ ಗೊತ್ತುಂಟು" ಎಂದು ನಾನು ಕೈ ಹಿಡಿದೆ. ಅವನು ನೂಕಿದ ಹೊಡೆತಕ್ಕೆ ನಾನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಿದ್ದು ನನ್ನ ಮುಂದಿನ ಹಲ್ಲು ಹೋಯಿತು. ಅವನು ಕತ್ತಿ ತಂದು ಮಗಳ ಕೊರಳಿಗೆ ಹಿಡಿದ. ಅತ್ತಿಗೆ ಬರಿಗೈಯಲ್ಲೇ ಅದರ ಅಲಗು ಹಿಡಿದುಕೊಂಡಳು. ಬೆರಳುಗಳ ಸಂದಿಯಿಂದ ರಕ್ತ ಸುರಿಯಿತು, ಆದರೂ ಬಿಡಲಿಲ್ಲ.

"ಈ ನೀಲಿ ಗೆರೆಯನ್ನು ನಂಬುವ ಹಾಗಿಲ್ಲ. ಹೊಸದುಂಟು ನನ್ನ ಚೀಲದಲ್ಲಿ. ಐದು ನಿಮಿಷ ಕೊಡಿ. ನನ್ನದಲ್ಲದಿದ್ದರೆ ಮೊದಲು ನನ್ನನ್ನೇ ಕಡಿಯಿರಿ."

ನಾನು ಸುರಕ್ಷಾಳ ಮೇಲೆ ಬೋರಲು ಬಿದ್ದುಕೊಂಡೆ. ಅತ್ತಿಗೆ ಬಚ್ಚಲಿಗೆ ಹೋದಳು. ಮೋಸ ಮಾಡಿದಳೆಂದು ಅವನು ಹೇಳಬಾರದೆಂದು ಬಾಗಿಲು ಹಾಕಲೂ ಇಲ್ಲ. ಬೈಕಿನವರು ಮುಖ ತಿರುಗಿಸಿದರು, ಕಟ್ಟಿಕೊಂಡ ಗಂಡ ತಿರುಗಿಸಲಿಲ್ಲ. ಥೂ!

ಸ್ಟ್ರಿಪ್ಪನ್ನು ತಂದು ಜಗಲಿಯ ಅಂಚಿನಲ್ಲಿ, ಬಿಸಿಲಿಗೆ ಇಟ್ಟಳು. "ಬೆಳಕಲ್ಲೇ ನೋಡಿ." ಬಿಳಿಯ ಮೇಲೆ ಮೊದಲು ಒಂದು ಗೆರೆ ಮೂಡಿತು. ಸ್ವಲ್ಪ ಹೊತ್ತಿಗೆ ಪಕ್ಕದಲ್ಲಿ ಇನ್ನೊಂದು ತೆಳುವಾಗಿ ಕಂಡು, ನೋಡನೋಡುತ್ತ ದಟ್ಟವಾಯಿತು. ಎರಡೂ ಅಪ್ಪಟ ಕೆಂಪು.

ಶೀನಪ್ಪ ಬಗ್ಗಿ ನೋಡಿದ. ಕತ್ತಿ ಕೆಳಗೆ ಹಾಕಿದ. ಆಮೇಲೆ, ನಂಬಿ, ಅವನು ನಕ್ಕ.

"ಇದನ್ನು ಮೊದಲೇ ಹೇಳ್ಬಾರದಿತ್ತಾ ಮಾರಾಯ್ತಿ?" ಎಂದ. ಬೈಕಿನವರಿಗೆ ಕೈ ಬೀಸಿದ. "ಏನೂ ಇಲ್ಲ, ಸಿಹಿ ಸುದ್ದಿ! ಹೋಗಿ ಹೋಗಿ." ಮತ್ತೆ ಹೆಂಡತಿಯ ಕಡೆ ತಿರುಗಿ, "ಈ ಸಲ ಗಂಡೇ ನೋಡು. ಹೋಗು, ಚಾ ಇಡು. ಹೇ ಸುರಕ್ಷಾ, ಏಳು, ನಾಟಕ ಸಾಕು" ಎಂದು ಅವಳನ್ನು ಎಬ್ಬಿಸಲು ಕೈ ಚಾಚಿದ.

ಅತ್ತಿಗೆ ನೆಲದ ಕತ್ತಿಯನ್ನು ಎತ್ತಿಕೊಂಡಿದ್ದಳು. "ಅವಳನ್ನು ಮುಟ್ಟಬೇಡ ನೀನು" ಅಂದಳು. ಇಪ್ಪತ್ತೆರಡು ವರ್ಷ ಗಂಡನನ್ನು ನೀವು, ತಾವು ಎಂದೇ ಕರೆದ ಬಾಯಿ ಅದು. ಅವನು ತಮಾಷೆ ಎಂದುಕೊಂಡು ಕೈ ಮುಂದೆ ಮಾಡಿದ. ಅವಳು ಬೀಸಿಯೇ ಬಿಟ್ಟಳು. ಮೊಣಕೈಯ ಕೆಳಗೆ ಮಾಂಸ ಬಾಯಿ ಬಿಟ್ಟಿತು, ಅವನು ಅಂಗಳದಲ್ಲಿ ಕೂತು ಮಗುವಿನ ಹಾಗೆ ಅತ್ತ. ನನಗೆ ಅಯ್ಯೋ ಅನ್ನಿಸಲಿಲ್ಲ. ನಿಜ ಹೇಳಬೇಕೆಂದರೆ ಹೊಟ್ಟೆ ತಣ್ಣಗಾಯಿತು.

ರಿಕ್ಷಾದಲ್ಲಿ ನಾವು ಮೂವರೂ ಮೂಡುಬಿದಿರೆಯ ಆಸ್ಪತ್ರೆಗೆ ಹೋದೆವು. ಅವನನ್ನು ಬೈಕಿನವರು ಬೇರೆ ಕಡೆ ಒಯ್ದರು. ಹೆಂಡತಿ ಕಡಿದಳೆಂದು ಹೇಳಲು ಮಾನ ಬಿಡಲಿಲ್ಲ, ಲಾರಿಯ ಬಾಗಿಲು ತಾಗಿದ್ದೆಂದು ಡಾಕ್ಟರಿಗೆ ಹೇಳಿದನಂತೆ. "ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದಾ" ಎಂದು ನೆಂಟರು ಅತ್ತಿಗೆಗೆ ಬುದ್ಧಿ ಹೇಳಿದರು. "ನಾನು ಕೋಪದಲ್ಲಿ ಕೊಯ್ದದ್ದಲ್ಲ" ಅಂದಳು ಅವಳು.

ಫಾಯಿಝಾ ಮಿಜಾರಿನಲ್ಲಿ ಹುಡುಕಿಕೊಟ್ಟ ಒಂದು ಕೋಣೆಯಲ್ಲಿ ಈಗ ತಾಯಿ ಮಗಳು ಇದ್ದಾರೆ. ಭುಜ ಕೂಡಿಕೊಂಡಿದೆ, ಕೆಲಸ ಬಿಟ್ಟಿಲ್ಲ. ಸುರಕ್ಷಾಳಿಗೆ ಎಡಗಿವಿ ಕೇಳಿಸುವುದಿಲ್ಲ.

ಅಣ್ಣ ಮೊನ್ನೆ ಪಾಗಾರದ ಬಳಿ ಬಂದು ನಿಂತ. "ನನ್ನ ಮಗು ಏನಾಯ್ತು, ಕೇಳಿ ಬಾ" ಅಂದ. ತಿಂಗಳುಗಳು ಕಳೆದಿದ್ದವು. ನನಗೂ ಗೊತ್ತಿರಲಿಲ್ಲ, ಫೋನಿನಲ್ಲಿ ಮಾತಾಡುವಾಗ ಅತ್ತಿಗೆ ಹೇಳಿರಲಿಲ್ಲ, ನಾನು ಕೇಳಿರಲಿಲ್ಲ. ಮಿಜಾರಿಗೆ ಹೋಗಿ ಅವನು ಹೇಳಿದ್ದನ್ನು ಹಾಗೆಯೇ ಹೇಳಿದೆ.

ಅತ್ತಿಗೆ ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಇವಳ ಕಿವಿ ಏನಾಯ್ತು ಅಂತ ಕೇಳಿದ್ನಾ?"

"ಇಲ್ಲ" ಅಂದೆ.

"ಹಾಗಾದ್ರೆ ಮಗು ಏನಾಯ್ತು ಅಂತಲೂ ಕೇಳುವುದು ಬೇಡ ಅಂತ ಹೇಳು" ಅಂದಳು.