ಕಲ್ಯಾಣ ಮಂಟಪದಲ್ಲಿ ರೂಮು, ಡೈರಿ ಮುಂದೆ ನೀರಿನ ಟೇಬಲ್ಲು

ಟ್ರಯಥ್ಲಾನಿಗೆ ವಾಲಂಟಿಯರ್ ಆಗಿ ಹೋಗುವವರು ಮೊದಲು ನೋಡಬೇಕಾದದ್ದು ವೆಬ್‌ಸೈಟನ್ನಲ್ಲ, ಪಂಚಾಂಗವನ್ನು. ಇದನ್ನು ಯಾವ ವೆಬ್‌ಸೈಟೂ ಹೇಳುವುದಿಲ್ಲ. ಅಲ್ಲಿ ಇರುವುದೆಲ್ಲ ‘ನಮ್ಮ ಸಹಯೋಗದ ರೆಸಾರ್ಟ್’ ವಿಚಾರ. ವಾಲಂಟಿಯರುಗಳಿಗೆ ಅಲ್ಲಿ ವಿಶೇಷ ರಿಯಾಯಿತಿಯಂತೆ. ರಿಯಾಯಿತಿ ಕಳೆದು ಉಳಿದ ಬಾಡಿಗೆ ಕೇಳಿದ ಮೇಲೆ ನಾನು ಫೋನಿನಲ್ಲೇ, “ರೂಮು ಬಾಡಿಗೆಗೋ, ಕ್ರಯಕ್ಕೋ?” ಎಂದು ವಿಚಾರಿಸಿದೆ. ಆ ಕಡೆಯ ಹುಡುಗಿ ಬಹಳ ಸೌಜನ್ಯದಿಂದ ಫೋನ್ ಇಟ್ಟಳು.

ನಮ್ಮ ಟ್ರಯಥ್ಲಾನ್ ಬಿದ್ದಿದ್ದು ಧನುರ್ಮಾಸದಲ್ಲಿ. ಆ ತಿಂಗಳು ನಮ್ಮ ಕಡೆ ಯಾರೂ ಮದುವೆ ಮಾಡುವುದಿಲ್ಲ. ಮದುವೆಯಿಲ್ಲದ ಮೇಲೆ ಕಲ್ಯಾಣ ಮಂಟಪಗಳು ನೊಣ ಹೊಡೆಯುತ್ತಾ ಕೂತಿರುತ್ತವೆ. ಕನಕಪುರದ ಅಂಥದ್ದೊಂದು ಮಂಟಪದ ವಾಚ್‌ಮನ್ ನನ್ನನ್ನೂ ನನ್ನ ಹೆಂಡತಿಯನ್ನೂ ಮೇಲಿಂದ ಕೆಳಗೆ ನೋಡಿ, “ಗಂಡಿನ್ ಕಡೆಯೋರಾ, ಎಣ್ಣಿನ್ ಕಡೆಯೋರಾ?” ಎಂದು ಕೇಳಿದ. ಅಭ್ಯಾಸಬಲ. ಎರಡೂ ಕಡೆ ನಾವೇ ಎಂದೆ. ಹಾಗಾದರೆ ಮದುವಣಗಿತ್ತಿಯ ರೂಮೇ ಒಳ್ಳೆಯದು, ಅದರಲ್ಲಿ ಗೀಸರ್ ಇದೆ ಎಂದು ಬೀಗ ತೆಗೆದುಕೊಟ್ಟ. ಸೈಕಲ್ಲನ್ನು ಮಾತ್ರ ರೂಮಿಗೆ ಬಿಡಲಿಲ್ಲ. ಹಾಲ್ ತೆಗೆದು, ವೇದಿಕೆಯ ಮೇಲೆ ವಧೂವರರ ಕುರ್ಚಿಗಳ ನಡುವೆ ನಿಲ್ಲಿಸಿ ಬೀಗ ಹಾಕಿದ. ನಮ್ಮ ಮದುವೆಯಲ್ಲಿ ನಮಗೂ ಅಷ್ಟು ಚೆಂದದ ಲೈಟಿಂಗ್ ಇರಲಿಲ್ಲ.

ಸೈಕಲ್ಲು ನನ್ನದಲ್ಲ, ನನ್ನ ಹೆಂಡತಿಯದು. ಟ್ರಯಥ್ಲಾನ್ ಮಾಡುವವಳೂ ಅವಳೇ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಮೊದಲು ಕೆರೆಯಲ್ಲಿ ಈಜು, ಮೈ ಆರುವ ಮೊದಲೇ ಸೈಕಲ್ಲು, ಸೈಕಲ್ಲಿಂದ ಇಳಿದ ಕಾಲಲ್ಲೇ ಓಟ. ಇಷ್ಟನ್ನೂ ಅವರು ಹೇಳಿದ ಸಮಯದೊಳಗೆ ಮುಗಿಸಬೇಕು. ಮಾಗಡಿ ಕಡೆಯ ತವರಿನ ಬಾವಿಯಲ್ಲಿ ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತವಳು, ಮಕ್ಕಳಿಬ್ಬರೂ ಬೆಳೆದು ನಿಂತ ಮೇಲೆ ಒಂದು ದಿನ ಇದನ್ನು ಮಾಡುತ್ತೇನೆ ಎಂದಳು. ಮನೆಯಲ್ಲಿ ಎಲ್ಲರೂ ನಕ್ಕರು. ನಾನು ಸ್ವಲ್ಪ ಜೋರಾಗಿಯೇ ನಕ್ಕೆ.

ಮೊದಲ ವರ್ಷ ಅವಳು ಓಟದ ಕೊನೆಯ ಭಾಗದವರೆಗೂ ಹೋಗಿದ್ದಳು. ಅಷ್ಟರಲ್ಲಿ ಸಮಯ ಮುಗಿಯಿತು. ಯಾರೋ ಒಬ್ಬ ವಾಲಂಟಿಯರ್ ರಸ್ತೆಯಲ್ಲೇ ಮಂಡಿಯೂರಿ, “ಸಾರಿ ಮೇಡಂ” ಎಂದು, ಸಮಯ ಲೆಕ್ಕ ಹಾಕುವ ಪಟ್ಟಿಯನ್ನು ಅವಳ ಕಣಕಾಲಿನಿಂದ ಬಿಚ್ಚಿಕೊಂಡನಂತೆ. ಚನ್ನಪಟ್ಟಣಕ್ಕೆ ವಾಪಸ್ ಬಂದು, ಮನೆಯಲ್ಲಿ ಕುಕ್ಕರ್ ಇಡುತ್ತಾ, “ಇನ್ನೊಂದ್ಸಲ ಹೋಗ್ತೀನಿ. ಮುಗಿಸ್ದೆ ಬಿಡಲ್ಲ” ಎಂದಳು. ಆ ದನಿ ಕೇಳಿದ ಮೇಲೆ ನಗು ಬರಲಿಲ್ಲ. ಈ ಸಲ ಆ ಪಟ್ಟಿ ಬಿಚ್ಚುವ ಕೈ ಇನ್ಯಾರದೋ ಆಗಿರುವುದಕ್ಕಿಂತ ನಾನೇ ಅಲ್ಲಿರುವುದು ವಾಸಿ ಅನ್ನಿಸಿ ವಾಲಂಟಿಯರ್ ಆದೆ.

ರಿಜಿಸ್ಟ್ರೇಷನ್ ಬಗ್ಗೆ ಎರಡು ಕಿವಿಮಾತು. ಮೊದಲನೆಯದು, ಬೇಗ ಹೆಸರು ಕೊಡಿ. ತಡ ಮಾಡಿದವರನ್ನೆಲ್ಲ ಕಾರ್ ಪಾರ್ಕಿಂಗಿಗೆ ಹಾಕುತ್ತಾರೆ, ಅಲ್ಲಿ ಬೈಸಿಕೊಳ್ಳುವುದು ಬಿಟ್ಟರೆ ಬೇರೆ ಕೆಲಸವಿಲ್ಲ. ಎರಡನೆಯದು, ‘ಅನುಭವ’ ಎನ್ನುವ ಕಾಲಂ ಖಾಲಿ ಬಿಡಬೇಡಿ. ಹೆದ್ದಾರಿಯ ಪಕ್ಕ ಬೊಂಬೆ ಅಂಗಡಿ ಇಟ್ಟುಕೊಂಡಿರುವ ನನಗೆ ಕ್ರೀಡೆಯ ಅನುಭವ ಎಲ್ಲಿಂದ ಬರಬೇಕು? ‘ನೆಂಟರಿಷ್ಟರ ಮದುವೆಗಳಲ್ಲಿ ಪಂಕ್ತಿಗೆ ನೀರು ಬಡಿಸಿದ್ದೇನೆ’ ಎಂದು ಬರೆದೆ. ಅವರು ಅದನ್ನು ತುಂಬಾ ಗಂಭೀರವಾಗಿ ತೆಗೆದುಕೊಂಡು ಓಟದ ದಾರಿಯ ನೀರಿನ ಟೇಬಲ್ಲಿಗೆ ಹಾಕಿದರು. ‘ತುರ್ತು ಸಂದರ್ಭದಲ್ಲಿ ಸಂಪರ್ಕಿಸಬೇಕಾದವರು’ ಎನ್ನುವಲ್ಲಿ ಹೆಂಡತಿಯ ನಂಬರ್ ಕೊಟ್ಟೆ. ಅವಳೂ ನನ್ನ ನಂಬರ್ ಕೊಟ್ಟಿದ್ದಳು. ಅವಳು ಕೆರೆಯಲ್ಲಿರುವಾಗ ನಾನು ಎಡವಿ ಬಿದ್ದರೆ ಅವರು ಯಾರಿಗೆ ಫೋನ್ ಮಾಡುತ್ತಿದ್ದರೋ ದೇವರಿಗೇ ಗೊತ್ತು.

ನನ್ನ ಟೇಬಲ್ಲು ಸಾತನೂರಿನ ಕಡೆಯ ಒಂದು ಹಳ್ಳಿಯಲ್ಲಿ, ಹಾಲಿನ ಡೈರಿಯ ಎದುರಿಗೆ ಬಂತು. ಜೊತೆಗಿರಬೇಕಾಗಿದ್ದ ಇನ್ನೊಬ್ಬ ವಾಲಂಟಿಯರಿಗೆ ಅವತ್ತು ಬೆಳಿಗ್ಗೆಯೇ ಜ್ವರ ಬಂತು. ಟೀ ಶರ್ಟು ಮಾತ್ರ ಹಿಂದಿನ ದಿನವೇ ಇಸಿದುಕೊಂಡು ಹೋಗಿದ್ದ. ಸೂಚನೆಗಳನ್ನು ನಮಗೆ ಒತ್ತಿ ಒತ್ತಿ ಹೇಳಿದ್ದರು: ನೀರು ಟೇಬಲ್ಲಿನ ಮೇಲಿರಬೇಕು, ಓಡುವವರೇ ಎತ್ತಿಕೊಳ್ಳಬೇಕು. ವಾಲಂಟಿಯರೂ ಸೇರಿದಂತೆ ಯಾರೂ ಅವರನ್ನು ಮುಟ್ಟಬಾರದು. ಬೇರೆಯವರು ಕೈ ಹಿಡಿದರೂ, ತಿನ್ನಲು ಕೊಟ್ಟರೂ ಆ ಓಟಗಾರ ಔಟ್.

ಇದನ್ನು ಬರೆದವರಿಗೆ ಆ ರಸ್ತೆ ಗೊತ್ತಿರಲಿಲ್ಲ. ಶಿವರಾತ್ರಿಯ ಹೊತ್ತಿಗೆ ಮಾದಪ್ಪನ ಬೆಟ್ಟಕ್ಕೆ ಹರಕೆ ಹೊತ್ತವರು ಗುಂಪುಗುಂಪಾಗಿ ಆ ದಾರಿಯಲ್ಲೇ ನಡೆದು ಹೋಗುತ್ತಾರೆ. ದಾರಿಯ ಊರಿನವರು ಚಪ್ಪರ ಹಾಕಿ, ಕೈಹಿಡಿದು ಕೂರಿಸಿ, ಉಣಬಡಿಸಿ, ಊದಿದ ಕಾಲಿಗೆ ಎಣ್ಣೆ ತಿಕ್ಕಿ ಕಳಿಸುತ್ತಾರೆ. ಬೆವರು ಸುರಿಸುತ್ತಾ, ಕುಂಟುತ್ತಾ ಯಾರೇ ಬರಲಿ, ಅವರಿಗೆ ಏನು ಮಾಡಬೇಕು ಎಂಬುದನ್ನು ಅಲ್ಲಿಯ ಹೆಂಗಸರಿಗೆ ಯಾರೂ ಕಲಿಸಬೇಕಾಗಿಲ್ಲ.

ಡೈರಿಗೆ ಹಾಲು ಹಾಕಲು ಬಂದವರೆಲ್ಲ ಖಾಲಿ ಕ್ಯಾನ್ ಹಿಡಿದು ನಿಂತೇಬಿಟ್ಟರು. ಅವರಲ್ಲೊಬ್ಬರು ಅಜ್ಜಿ, “ಯಾವ ದ್ಯಾವ್ರಿಗಪ್ಪ ಅರಕೆ?” ಎಂದು ನನ್ನನ್ನು ಕೇಳಿದರು.

“ಹರಕೆ ಅಲ್ಲ ಅಜ್ಜಿ. ಸ್ಪರ್ಧೆ.”

“ಗೆದ್ದೋರ್ಗೆ ಏನ್ ಕೊಟ್ಟಾರು?”

“ಒಂದು ಬಿಲ್ಲೆ.”

ಅಜ್ಜಿ ಪಕ್ಕದವಳ ಕಡೆ ತಿರುಗಿದರು. “ಬಿಲ್ಲೆಗೋಸ್ಕರ ಯಾರಾರ ಇಂಗ್ ಸಾಯ್ತಾರೇನಮ್ಮಿ? ಮಾದಪ್ಪುಂಗೇ ಕಣ್. ಯೋಳಕ್ ನಾಚ್ಕಂತಾವ್ನೆ.”

ಅರ್ಧ ಗಂಟೆಯೊಳಗೆ ನನ್ನ ಟೇಬಲ್ಲಿನ ಪಕ್ಕದಲ್ಲಿ ಒಂದು ಚಾಪೆ, ಒಂದು ಕೊಳದಪ್ಪಲೆ ಮಜ್ಜಿಗೆ, ಒಂದು ಬಟ್ಟಲು ಹರಳೆಣ್ಣೆ ಬಂದು ಕೂತವು. ಬೆಂಗಳೂರಿನಿಂದ ಬಂದ, ಕಪ್ಪು ಕನ್ನಡಕದ ಒಬ್ಬರನ್ನು ಇಬ್ಬರು ಹೆಂಗಸರು ರಟ್ಟೆ ಹಿಡಿದು ಚಾಪೆಯ ಮೇಲೆ ಕೂರಿಸಿಯೇಬಿಟ್ಟರು. ಪಾಪ, ಆಸಾಮಿ ಹಾಗೆ ಕೂತವರು ಎರಡು ಲೋಟ ಮಜ್ಜಿಗೆ ಕುಡಿದು, ಏಳುವ ಮನಸ್ಸೇ ಇಲ್ಲದೆ ಅಲ್ಲೇ ಉಳಿದರು. ಅಷ್ಟರಲ್ಲಿ ಬೈಕಿನಲ್ಲಿ ಬಂದ ರೆಫ್ರಿ ಅವರ ನಂಬರ್ ಗುರುತು ಹಾಕಿಕೊಂಡ. ಆಮೇಲೆ ನನ್ನ ಕಡೆ ತಿರುಗಿ, “ಸಾರ್, ಇನ್ನು ಯಾರನ್ನ ಮುಟ್ಟಿದ್ರೂ ಅವರೂ ಔಟೇ. ನಾನು ಇಲ್ಲೇ ಇರ್ತೀನಿ” ಎಂದು ಬೈಕನ್ನು ಹುಣಸೆಮರದ ಕೆಳಗೆ ನಿಲ್ಲಿಸಿಕೊಂಡ.

ನನ್ನ ಹೆಂಡತಿ ಇನ್ನೂ ಬಂದಿರಲಿಲ್ಲ.

ಬೇಡ ಎಂದು ಕೈಮುಗಿದೆ. ಗದರಿದೆ. ಹರಕೆಯ ನಿಯಮವೇ ಹಾಗೆ, ಯಾರ ಸೇವೆಯನ್ನೂ ತೆಗೆದುಕೊಳ್ಳಬಾರದು ಎಂದು ಸುಳ್ಳನ್ನೂ ಹೇಳಿದೆ. ಅಂಥಾ ಹರಕೆ ನಾವು ಕಾಣೆವು ಎಂದು ಅಜ್ಜಿ ಎಣ್ಣೆಯ ಬಟ್ಟಲನ್ನು ಇನ್ನಷ್ಟು ಹತ್ತಿರಕ್ಕೆ ಸರಿಸಿಕೊಂಡರು.

ಬಿಸಿಲು ಏರಿದ ಮೇಲೆ ಅವಳು ತಿರುವಿನಲ್ಲಿ ಕಂಡಳು. ಓಡುತ್ತಿದ್ದಳು ಎಂದು ಹೇಳಿದರೆ ಅದು ಗಂಡನ ಅಭಿಮಾನವಾದೀತು. ನಡೆಯುತ್ತಿರಲಿಲ್ಲ ಎನ್ನಬಹುದು, ಅಷ್ಟೆ. ಸಮಯ ನೋಡಿದೆ. ಹೀಗೇ ಬಂದರೆ ಸಾಕಿತ್ತು. ಟೇಬಲ್ಲಿಗೆ ನಾಲ್ಕು ಮಾರು ಇರುವಾಗ ಮೀನಖಂಡ ಹಿಡಿದುಕೊಂಡಿರಬೇಕು, “ಅಯ್ಯೋ” ಎಂದವಳೇ ರಸ್ತೆಯಲ್ಲಿ ಕುಸಿದಳು.

ಹೆಂಗಸರೆಲ್ಲ ಒಟ್ಟಿಗೆ ನುಗ್ಗಿದರು. ನಾನು ಅವರಿಗಿಂತ ಮುಂಚೆ ಓಡಿ, ಅವಳಿಗೆ ಬೆನ್ನು ಮಾಡಿ, ಎರಡೂ ಕೈ ಅಗಲಿಸಿ ನಿಂತೆ.

“ಬುಡ್ಲಾ ದಾರಿಯ! ಎಣ್ಮಗ ಬಿದ್ದು ಒದ್ದಾಡ್ತಾವ್ಳೆ, ನೀನೇನ್ಲಾ ಬೇಲಿ ನಿಂತಂಗ್ ನಿಂತಿದ್ದೀಯೆ?” ಅಜ್ಜಿಯ ಎಣ್ಣೆಗೈ ನನ್ನ ಟೀ ಶರ್ಟನ್ನು ಹಿಡಿದು ಜಗ್ಗಿತು.

“ಮುಟ್ಟಬೇಡಿ ಅಜ್ಜಿ, ನಿಮ್ಮ ದಮ್ಮಯ್ಯ. ಅವಳು ನನ್ನ ಹೆಂಡತಿ!”

ಆ ಹೊತ್ತಿಗೆ ಹೇಳಬಹುದಾಗಿದ್ದ ಮಾತುಗಳಲ್ಲೆಲ್ಲ ಅತ್ಯಂತ ಕೆಟ್ಟ ಮಾತು ಅದೇ. “ಎಂಡ್ರಾ?” ಎಂದರು ಅಜ್ಜಿ. “ಕಟ್ಕೊಂಡೋಳ್ನ ಬೀದೀಲ್ ಬೀಳ್ಸಿ, ಬೆನ್ ತೋರ್ಸ್ಕೊಂಡ್ ನಿಂತಿದ್ದೀಯಲ್ಲೋ! ನಿನ್ ಕೈ ಸೇದೋಗ!”

ಬೆನ್ನ ಹಿಂದೆ ಅವಳ ಏದುಸಿರು ಕೇಳುತ್ತಿತ್ತು. ತಿರುಗಿ ನೋಡಿದರೆ ನಾನೇ ಕೈ ಕೊಟ್ಟುಬಿಡುತ್ತೇನೆ ಎಂದು ತಿರುಗಲಿಲ್ಲ. ಅಷ್ಟು ವರ್ಷದ ಸಂಸಾರದಲ್ಲಿ ಅದಕ್ಕಿಂತ ಕಷ್ಟದ ಕೆಲಸ ನಾನು ಮಾಡಿಲ್ಲ. ಹುಣಸೆಮರದ ಕೆಳಗೆ ರೆಫ್ರಿ ಕತ್ತು ಉದ್ದ ಮಾಡಿ ನೋಡುತ್ತಿದ್ದ.

“ರೀ, ಟೈಮ್ ಇದೆಯಾ?” ಎಂದಳು.

“ಇದೆ. ಏಳು.”

ಕಾಲಿನ ಹೆಬ್ಬೆರಳನ್ನು ತಾನೇ ಹಿಡಿದು ಎಳೆದುಕೊಂಡಿರಬೇಕು, ಒಂದು ಸಲ ಕಿರುಚಿದಳು. ಸ್ವಲ್ಪ ಹೊತ್ತಿಗೆ ನನ್ನ ಪಕ್ಕದಿಂದಲೇ ಕುಂಟುತ್ತಾ ಹೋಗಿ, ಟೇಬಲ್ಲಿನ ಲೋಟವನ್ನು ತಾನೇ ಎತ್ತಿ, ಅರ್ಧ ಕುಡಿದು ಅರ್ಧ ತಲೆಗೆ ಸುರಿದುಕೊಂಡು ಹೊರಟಳು. ನನ್ನ ಕಡೆ ನೋಡಲಿಲ್ಲ. ಹೆಂಗಸರು ನೋಡಿದರು, ಚೆನ್ನಾಗಿಯೇ ನೋಡಿದರು.

ಕೊನೆಯವರು ಹೋಗುವವರೆಗೆ ನಾನು ಟೇಬಲ್ ಬಿಡುವಂತಿರಲಿಲ್ಲ. ಅವಳ ಫೋನು ಕೆರೆಯ ದಡದಲ್ಲಿ ಯಾವುದೋ ಚೀಲದೊಳಗಿತ್ತು. ಸಾಮಾನು ತುಂಬಿಕೊಳ್ಳುವ ಟೆಂಪೋದಲ್ಲಿ ಕೂತು ಕೊನೆಯ ಗೆರೆಯ ಹತ್ತಿರ ಇಳಿದಾಗ, ಅವಳು ಕೊರಳಲ್ಲಿ ಬಿಲ್ಲೆ ಹಾಕಿಕೊಂಡು ನೆಲದ ಮೇಲೆ ಕೂತು ಬಾಳೆಹಣ್ಣು ಸುಲಿಯುತ್ತಿದ್ದಳು. “ಮುಗೀತು” ಎಂದಳು. ನನಗೆ ಅಳು ಬಂತು. ಅಷ್ಟು ಜನರ ಮುಂದೆ ನಾಚಿಕೆಯಿಲ್ಲದೆ ಅತ್ತೆ.

ವಾಪಸ್ ಹೋಗುವಾಗ ಡೈರಿಯ ಹತ್ತಿರ ನಿಲ್ಲಿಸಲೇಬೇಕು ಎಂದು ಅವಳು ಹಟ ಹಿಡಿದಳು. ಅಜ್ಜಿ ನಮ್ಮನ್ನು ಮನೆಯ ಜಗುಲಿಗೆ ಕರೆದೊಯ್ದು, ಅವಳ ಮುಂದೆ ಮುದ್ದೆ, ಅವರೆಕಾಳಿನ ಸಾರು ಇಟ್ಟರು. ನನ್ನ ಮುಂದೆಯೂ ಇಟ್ಟರು, ಸ್ವಲ್ಪ ತಡೆದು.

“ಅರಕೆ ತೀರ್ತೇನವ್ವ?”

“ತೀರ್ತು ಅಜ್ಜಿ.”

“ಗಂಡ ಅಡ್ಡ ನಿಂತ್ರೂ ತೀರುಸ್ದಲ್ಲ, ಗಟ್ಟಿಗಿತ್ತಿ ಕಣ್ ನೀನು.”

ನಾನು ಬಾಯಿ ತೆಗೆಯುವ ಮೊದಲೇ ಅವಳು, “ಅವರು ಅಡ್ಡ ನಿಂತಿದ್ದಕ್ಕೇ ತೀರಿದ್ದು ಅಜ್ಜಿ. ನೀವು ಹಿಡಿದು ಎತ್ತಿದ್ದಿದ್ರೆ ನನ್ನ ಹೊರಗೆ ಹಾಕಿಬಿಡ್ತಿದ್ರು” ಎಂದಳು.

ಅಜ್ಜಿ ಸಾರಿನ ಸೌಟು ಹಿಡಿದುಕೊಂಡೇ ಯೋಚಿಸಿದರು. “ಬಿದ್ದೋರ್ನ ಕೈ ಹಿಡ್ದು ಎತ್ತುದ್ರೆ ಒರಗ್ ಆಕೋ ದ್ಯಾವ್ರು ಅದ್ಯಾವ್ದವ್ವ?”

ಅಜ್ಜಿ ಉತ್ತರಕ್ಕೆ ಕಾಯದೆ, ಸೌಟು ಕೆಳಗಿಟ್ಟು, ಎಣ್ಣೆಯ ಬಟ್ಟಲು ತೆಗೆದುಕೊಂಡು, ನನ್ನ ಹೆಂಡತಿಯ ಕುಂಟುತ್ತಿದ್ದ ಕಾಲನ್ನು ತಮ್ಮ ಮಡಿಲಿಗೆ ಎಳೆದುಕೊಂಡರು.