ನಾನೂ ನಾಯಿಯೂ ಅಂಜಿದ ಮಳೆಗಾಲ

ನವಲಗುಂದದಲ್ಲಿ ನಮ್ಮದು ಮಣ್ಣಿನ ಮಾಳಿಗೆಯ ಮನೆ, ತೊಲೆಗಳ ಮೇಲೆ ಮಣ್ಣು ಹಾಸಿದ ಸೂರು. ಎಪ್ಪತ್ತರ ದಶಕದ ಒಂದು ಶ್ರಾವಣದಲ್ಲಿ ಐದು ದಿನ ಬಿಡದೆ ಜಿಟಿಜಿಟಿ ಮಳೆ ಹಿಡಿಯಿತು. ನನಗಾಗ ಮದುವೆಯಾಗಿ ಎರಡು ವರ್ಷ. ನನ್ನವರು ಹುಬ್ಬಳ್ಳಿ ಬಸ್ಸಿನ ಕಂಡಕ್ಟರು, ಬೆಳಗ್ಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದರು. ಹಗಲೆಲ್ಲ ಮನೆಯಲ್ಲಿ ನಾನು ಮತ್ತು ತವರಿನಿಂದ ತಂದುಕೊಂಡಿದ್ದ ಕಂದುಬಣ್ಣದ ಹೆಣ್ಣುನಾಯಿ.

ಆರನೆಯ ದಿನ ಮಧ್ಯಾಹ್ನ ರೊಟ್ಟಿ ಬಡಿಯುತ್ತಿದ್ದೆ. ಪರಾತದ ಹಿಟ್ಟಿನೊಳಗೆ ಮೇಲಿನಿಂದ ಮಣ್ಣು ಉದುರಿತು. ಇಲಿ ಓಡಾಡಿರಬೇಕೆಂದು ಆ ಹಿಟ್ಟು ತೆಗೆದು ಚೆಲ್ಲಲು ಕೈ ಹಾಕಿದೆ. ಅಷ್ಟರಲ್ಲಿ ಹಿಂದಿನ ಗೋಡೆ ಕುಸಿದೇಬಿಟ್ಟಿತು. ತೊಲೆಯೊಂದು ಒಲೆಯ ಕಟ್ಟೆಗೆ ಅಡ್ಡ ಬಿದ್ದು ನಿಂತಿದ್ದರಿಂದ ಅದರ ಕೆಳಗೆ ನಾನೂ ನಾಯಿಯೂ ಉಳಿದೆವು. ಸೊಂಟದ ತನಕ ಮಣ್ಣು. ಕಣ್ಣಿಗೆ ಏನೂ ಕಾಣದು. ಸ್ವಲ್ಪ ಸ್ವಲ್ಪ ಹೊತ್ತಿಗೆ ಒಂದೊಂದು ಹೆಂಟೆ ಧಪ್ಪನೆ ಬೀಳುತ್ತಿತ್ತು. ಪ್ರತಿ ಸಲವೂ ನಾನು ನಾಯಿಯ ಕೊರಳನ್ನು ಅವುಚಿ ಹಿಡಿಯುತ್ತಿದ್ದೆ. ಓಣಿಯವರು ಸಲಿಕೆ ತಂದು ನಮ್ಮನ್ನು ಹೊರಗೆಳೆಯುವ ಹೊತ್ತಿಗೆ ಕೂಗಿ ಕೂಗಿ ನನ್ನ ದನಿ ಹೋಗಿತ್ತು.

ಇಬ್ಬರಿಗೂ ಒಂದೂ ಗಾಯವಿಲ್ಲವೆಂದು ಎಲ್ಲರೂ ಸಮಾಧಾನಪಟ್ಟರು. ಅದೇ ಓಣಿಯಲ್ಲಿ ಒಂದು ಬಾಡಿಗೆ ಖೋಲಿಗೆ ಹೋದೆವು. ಆದರೆ ನನಗೆ ಸೂರಿನ ಕೆಳಗೆ ನಿಲ್ಲಲಾಗುತ್ತಿರಲಿಲ್ಲ. ಬಾಗಿಲಲ್ಲೇ ಕೂತು ಮೇಲೆ ನೋಡುತ್ತಿದ್ದೆ. ಯಾರಾದರೂ ಕೊಡ ಕುಕ್ಕಿದರೂ ನಾಯಿ ಉಚ್ಚೆ ಹೊಯ್ದುಕೊಂಡು ನನ್ನ ಸೀರೆಯೊಳಗೆ ನುಗ್ಗುತ್ತಿತ್ತು. ಅದೂ ಉಣ್ಣಲಿಲ್ಲ, ನಾನೂ ಉಣ್ಣಲಿಲ್ಲ.

"ನಿನ್ನ ನೋಡಿ ಅದು ಅಂಜತದೋ, ಅದನ್ನ ನೋಡಿ ನೀ ಅಂಜತೀಯೋ, ನನಗ ತಿಳೀವಲ್ದು. ತವರಿಗೆ ಬಿಟ್ಟ ಬರಲೇನು?" ಎಂದರು ನನ್ನವರು. ತವರಿನಲ್ಲೂ ಮಣ್ಣಿನ ಮಾಳಿಗೆಯೇ. ಬೇಡವೆಂದೆ.

ಎಲ್ಲಕ್ಕಿಂತ ಕಷ್ಟವಾದದ್ದು ಬಾಜೂ ಮನೆಯ ಸದ್ದು. ಅಲ್ಲಿ ಜಮಖಾನ ನೇಯುವ ಒಬ್ಬ ವಯಸ್ಸಾದ ಹೆಂಗಸು ಇದ್ದಳು. ನಾವೆಲ್ಲ ಅವಳನ್ನು ಚಾಚಿ ಎನ್ನುತ್ತಿದ್ದೆವು. ನೂಲನ್ನು ಬಿಗಿ ಮಾಡಲು ಪಂಜಾ ಎಂಬ ಕಬ್ಬಿಣದ ಹಣಿಗೆಯಿಂದ ಹೊಡೆಯುತ್ತಿದ್ದಳು. ನನ್ನ ಕಿವಿಗೆ ಅದು ಹೆಂಟೆ ಬೀಳುವ ಸದ್ದೇ. ನಾಲ್ಕನೆಯ ದಿನ ಅವಳ ಬಾಗಿಲಿಗೆ ಹೋಗಿ ಅತ್ತುಬಿಟ್ಟೆ.

"ಚಾಚಿ, ಸ್ವಲ್ಪ ದಿನ ನಿಲ್ಲಸ್ರಿ."

"ನಿಲ್ಲಿಸಿದ್ರ ನಮ್ಮ ಒಲಿ ಹತ್ತೂದಿಲ್ಲ. ನಾಳೆ ನಾಯಿ ಕರಕೊಂಡ ಬಾ, ಕಟ್ಟಿ ಮ್ಯಾಲೆ ಕುಂದ್ರು, ಸದ್ದು ಎಲ್ಲಿಂದ ಬರತದ ಕಣ್ಣಾರೆ ನೋಡು. ಒಳಗ ನಮಾಜಿನ ಜಾಗ ಅದ, ನಾಯಿ ಹೊಸ್ತಿಲ ದಾಟಬಾರ್ದು, ಅಷ್ಟ." ನೂಲು ಎಳೆಯುತ್ತ ಹೇಳಿದಳು, "ಕಸಬು ಕಲತ ಬಿಟ್ಟಾರಂತ ಹೊರಗಿನವರಿಗೆ ನಾವು ಮಗ್ಗ ತೋರಸೂದಿಲ್ಲ. ನೀ ಏನೂ ಕಲಿಯೂ ಸ್ಥಿತಿಯೊಳಗ ಇಲ್ಲ, ಬಿಡು."

ಮೊದಲ ದಿನ ಒಂದೇ ಏಟಿಗೆ ನಾಯಿ ಓಣಿಯ ತುದಿಗೆ ಓಡಿತು, ಅದರ ಹಿಂದೆ ನಾನು. ಎರಡನೆಯ ದಿನ ಅವಳು ಮೆಲ್ಲಗೆ ಹೊಡೆದಳು. ಮಗ್ಗದ ಕಡೆ ನೋಡದೆ ನಮ್ಮನ್ನೇ ನೋಡುತ್ತಿದ್ದಳು.

"ನಿನ್ನ ಕೈ ನೋಡ ಬೇ. ನಾ ಪಂಜಾ ಎತ್ತೂಕಿಂತ ಮೊದಲ ಅದರ ಕೊಳ್ಳ ಹಿಸಕತಿ. ಅದು ಸದ್ದಿಗೆ ಅಂಜಾಕತ್ತಿಲ್ಲ, ನಿನ್ನ ಕೈಗೆ ಅಂಜಾಕತ್ತದ. ನಮ್ಮ ಆಡೂ ಹಂಗ. ಈಯುವಾಗ ಹಿಡಕೊಂಡಾಕಿ ನಡಗಿದ್ರ ಅದೂ ನಡಗತದ."

ಕೈ ನೋಡಿಕೊಂಡೆ. ಬೆರಳುಗಳು ನಾಯಿಯ ಚರ್ಮದೊಳಗೆ ನೆಟ್ಟಿದ್ದವು. ನಾಚಿಕೆಯಾಯಿತು.

ಅಂಗೈ ಅಗಲ ಮಾಡಿ ಬೆನ್ನ ಮೇಲಿಡು ಎಂದಳು. ಹೊಡೆಯುವ ಮೊದಲು ತಾನು "ಹೂಂ" ಅನ್ನುವುದಾಗಿಯೂ, ಆಗ ನಾನು ಉಸಿರು ಬಿಟ್ಟು ಕೊರಳಿನಿಂದ ಬಾಲದ ತನಕ ಕೈಯಾಡಿಸಬೇಕೆಂದೂ ಹೇಳಿದಳು. ಹಾಗೇ ಮಾಡಿದೆ. ಎದೆಯಲ್ಲಿ ಇನ್ನೂ ಗೋಡೆ ಬೀಳುತ್ತಿತ್ತು. ಆದರೂ ನಾಯಿ ಓಡಲಿಲ್ಲ, ನನ್ನ ಮುಖ ನೋಡುತ್ತ ಕೂತಿತು. ದಿನವೂ ಹೋದೆವು. ಏಟಿನ ನಡುವೆ ಅದಕ್ಕೊಂದು ರೊಟ್ಟಿ ಚೂರು ಕೊಡುತ್ತಿದ್ದೆ. ಎಂಟನೆಯ ದಿನವೋ ಏನೋ, ಅದು ಮುಂಗಾಲಿನ ಮೇಲೆ ತಲೆಯಿಟ್ಟಿತು. ಆಗಲೇ ನನಗೆ ಗೊತ್ತಾದದ್ದು, ಕೈಯಲ್ಲಿದ್ದ ರೊಟ್ಟಿಯಲ್ಲಿ ಅರ್ಧ ನಾನೇ ತಿಂದಿದ್ದೆ.

ದೀಪಾವಳಿಯ ಹೊತ್ತಿಗೆ ನಮ್ಮ ಗೋಡೆ ಎದ್ದಿತು, ತಿರುಗಿ ನಮ್ಮ ಮನೆಗೇ ಹೋದೆವು. ಒಲೆಯನ್ನು ಬಾಗಿಲ ಹತ್ತಿರ ಹಾಕಿಸಿಕೊಂಡೆ. ಅಂಜಿಕೆ ಹೋಯಿತೆಂದು ಹೇಳಲಾರೆ. ಮರುವರ್ಷ ಮೊದಲ ಮಳೆ ಮಾಳಿಗೆಯ ಮೇಲೆ ಬಿದ್ದಾಗ ಇಬ್ಬರೂ ಬಾಗಿಲಿಗೆ ಓಡಿದೆವು. ಆದರೆ ಹೊಸ್ತಿಲಲ್ಲೇ ನಿಂತೆವು, ಓಣಿಗೆ ಇಳಿಯಲಿಲ್ಲ. ಬಗ್ಗಿ ಅದರ ಬೆನ್ನ ಮೇಲೆ ಕೈಯಿಟ್ಟು ಉಸಿರು ಬಿಟ್ಟೆ. ಸ್ವಲ್ಪ ಹೊತ್ತಿಗೆ ನಾಯಿ ಒಳಗೆ ಹೋಗಿ ಗೋಣಿತಾಟಿನ ಮೇಲೆ ಮಲಗಿತು. ನಾನು ಮಳೆ ನಿಲ್ಲುವ ತನಕ ಅಲ್ಲೇ ನಿಂತಿದ್ದೆ.